ಬೀಗ ಒಡೆಯುವ ಅತ್ತೆ

ನಮ್ಮ ವಂಶದಲ್ಲಿ ಜೈಲಿಗೆ ಹೋಗಬಹುದಾಗಿದ್ದವರು ಒಬ್ಬರೇ, ನಮ್ಮ ಅತ್ತೆ. ಅತ್ತೆ ಎಂದರೆ ಗಂಡನ ತಾಯಿ ಎಂದುಕೊಂಡು ಯಾರೂ ಖುಷಿಪಡಬೇಡಿ. ಇವಳು ನನ್ನ ಅಪ್ಪನ ತಂಗಿ, ಸೋದರತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ಮರ್ಯಾದೆಯಿಂದ ನಿವೃತ್ತಳಾದವಳು. ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲದಿದ್ದರೂ ಸಿಗ್ನಲ್ ಬದಲಾಗುವವರೆಗೆ ದಾಟದೆ ನಿಲ್ಲುವವಳು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡಲು ಮರೆತರೆ, ಇಳಿದ ಮೇಲೂ ಕಿಟಕಿ ಬಡಿದು ಅವನನ್ನು ಕರೆದು ಟಿಕೆಟ್ ಹರಿಸಿಕೊಂಡವಳು. ಇಂಥವಳು, ಡಿವಿಡಿ ಶುರುವಾಗುವ ಮೊದಲು ಪರದೆಯ ಮೇಲೆ ಬರುವ ‘ಇದನ್ನು ನಕಲು ಮಾಡುವುದು ಅಪರಾಧ’ ಎಂಬ ಇಂಗ್ಲಿಷ್ ಎಚ್ಚರಿಕೆಯನ್ನು ಕನ್ನಡಕ ಹಾಕಿಕೊಂಡು, ಒಂದಕ್ಷರವನ್ನೂ ಬಿಡದೆ ಓದಿ, ಆಮೇಲೆ ನಕಲು ಮಾಡುತ್ತಿದ್ದಳು. ಓದದೆ ಮಾಡಿದರೆ ತಪ್ಪಲ್ಲವೇ?

ಅತ್ತೆ ಇದ್ದದ್ದು ಹಲಸೂರು ಕೆರೆಯ ಹಿಂದಿನ ಒಂದು ಗಲ್ಲಿಯಲ್ಲಿ, ಮಹಡಿ ಮನೆಯಲ್ಲಿ, ಒಬ್ಬಳೇ. ನಮ್ಮವರೆಲ್ಲ ಹೊರಮಾವಿನವರು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳಲ್ಲಿ ಸೈಟುಗಳೆದ್ದು, ಸೈಟುಗಳ ಮೇಲೆ ಅಪಾರ್ಟ್‌ಮೆಂಟುಗಳೆದ್ದು, ನನ್ನ ಅಪ್ಪ, ದೊಡ್ಡಪ್ಪಂದಿರು ಅವುಗಳ ನೆರಳಿನಲ್ಲೇ ಮನೆ ಕಟ್ಟಿಕೊಂಡಿದ್ದರು. ಅತ್ತೆ ಮಾತ್ರ ಕೆಲಸಕ್ಕೆ ಹತ್ತಿರವೆಂದು ಹಲಸೂರಿಗೆ ಬಂದವಳು, ಕೆಲಸ ಮುಗಿದ ಮೇಲೂ ಅಲ್ಲೇ ಉಳಿದಳು. ಅವಳಿಗೆ ಮದುವೆ ಯಾಕಾಗಲಿಲ್ಲ ಎಂಬುದಕ್ಕೆ ನಮ್ಮ ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಕಾರಣಗಳಿವೆ. ಅವಳನ್ನು ಕೇಳಿದರೆ, “ಲೈನ್ ಸಿಗಲಿಲ್ಲ ಕಣೇ” ಎಂದು ಮುಗಿಸಿಬಿಡುತ್ತಿದ್ದಳು.

ಲೈನ್ ಎಂದರೆ ಅವಳಿಗೆ ಅಷ್ಟಿಷ್ಟು ಪ್ರೀತಿಯಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲದಲ್ಲಿ ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೋರ್ಡಿನ ಮುಂದೆ ಕೂತು ಊರೂರನ್ನು ಜೋಡಿಸುತ್ತಿದ್ದಳು. ಆಮೇಲೆ ಜನ ತಾವೇ ನಂಬರು ಒತ್ತಿ ಮಾತಾಡುವ ಹಾಗಾಯಿತು. ಬೋರ್ಡು ಹೋಯಿತು. ಅತ್ತೆಯನ್ನು ದೂರು ಬರೆದುಕೊಳ್ಳುವ ವಿಭಾಗಕ್ಕೆ ಹಾಕಿದರು. ದಿನವಿಡೀ ಜೋಡಿಸುತ್ತಿದ್ದವಳು ದಿನವಿಡೀ ‘ಲೈನ್ ಡೆಡ್ ಆಗಿದೆ’ ಎಂಬುದನ್ನೇ ಕೇಳಿಸಿಕೊಂಡು ನಿವೃತ್ತಳಾದಳು.

ಇದೆಲ್ಲ ಇಲ್ಲಿಗೇ ನಿಲ್ಲುತ್ತಿತ್ತು. ನಿಲ್ಲದಂತೆ ಮಾಡಿದ್ದು ಕೆಳಗಿನ ಮನೆಯ ತಮಿಳಿನ ಅಜ್ಜಿ, ನಮಗೆಲ್ಲ ಪಾಟಿ. ಪಾಟಿಯ ಮಗಳು ಸಿಂಗಪುರದಿಂದ ಬಂದಾಗ ಮಕ್ಕಳಿಗೆಂದು ಒಂದು ಕರಡಿಮರಿಯ ಸಿನಿಮಾದ ಡಿವಿಡಿ ತಂದಿದ್ದಳು. ಅದು ಇಲ್ಲಿನ ಪ್ಲೇಯರಿನಲ್ಲಿ ಓಡಲಿಲ್ಲ. ಟಿವಿಯ ಮೇಲೆ ‘ವಲಯ ತಪ್ಪು’ ಎಂದು ಇಂಗ್ಲಿಷಿನಲ್ಲಿ ಬಂತು.

“ನೀನು ಟೆಲಿಫೋನ್ ಆಪೀಸಲ್ಲಿ ಇದ್ದವಳಲ್ವಾಮ್ಮಾ, ಕೊಂಜ ನೋಡು,” ಎಂದರು ಪಾಟಿ. ಟೆಲಿಫೋನಿಗೂ ಕರಡಿಗೂ ಏನು ಸಂಬಂಧ ಎಂದು ಅತ್ತೆ ಕೇಳಲಿಲ್ಲ. ಯಾರಾದರೂ ಅವಳನ್ನು ಏನಾದರೂ ಕೇಳಿ ಬಹಳ ದಿನವಾಗಿತ್ತು. ಡಿಸ್ಕನ್ನು ಸೆರಗಿನಲ್ಲಿ ಒರೆಸಿ, ಪರ್ಸಿಗೆ ಹಾಕಿಕೊಂಡು ಶಿವಾಜಿನಗರಕ್ಕೆ ಹೊರಟಳು. ಅಲ್ಲಿ ಖಾಲಿ ಸಿಡಿ, ಕೇಬಲ್ಲು, ಕಂಪ್ಯೂಟರಿನ ಬಿಡಿಭಾಗ ಮಾರುವ ಒಂದು ಪುಟ್ಟ ಅಂಗಡಿ. ಅಂಗಡಿಯವನನ್ನು ಅತ್ತೆ ಕೊನೆಯವರೆಗೂ ಭಾಯ್ ಎಂದೇ ಕರೆದಳು. ಅವತ್ತು ಜೊತೆಗೆ ನಾನೂ ಇದ್ದೆ.

“ಡಿಸ್ಕಿಗೆ ಏನೂ ಆಗಿಲ್ಲ ಅಮ್ಮಾ,” ಎಂದ ಭಾಯ್. “ದುನಿಯಾನ ನಂಬರ್ ಹಾಕಿ ಹಂಚಿದಾರೆ. ಸಿಂಗಪುರ ಮೂರು, ನಮ್ದು ಐದು. ಮೂರಂದು ಐದ್ರಲ್ಲಿ ಓಡಲ್ಲ.”

“ನಮ್ಮನ್ನ ಐದಕ್ಕೆ ಹಾಕಿದ್ಯಾರು?”

“ಸಿನಿಮಾ ಕಂಪನಿಯವ್ರು.”

“ಯಾರನ್ನ ಕೇಳಿ ಹಾಕಿದ್ರು?”

ಭಾಯ್ ನನ್ನ ಮುಖ ನೋಡಿದ. ನಾನು ಕೇಬಲ್ಲುಗಳನ್ನು ನೋಡಿದೆ.

“ನೋಡಪ್ಪಾ, ನಾನು ಬೋರ್ಡಲ್ಲಿ ಕೂತಿದ್ದಷ್ಟು ಕಾಲ ಸಿಂಗಪುರ ಕೇಳಿದೋರಿಗೆ ಸಿಂಗಪುರ ಕೊಟ್ಟಿದೀನಿ, ಲಂಡನ್ ಕೇಳಿದೋರಿಗೆ ಲಂಡನ್ ಕೊಟ್ಟಿದೀನಿ. ನಿಮ್ದು ಐದನೇ ನಂಬರು, ನಿಮಗೆ ಲೈನಿಲ್ಲ ಅಂತ ಒಂದು ದಿನಾನೂ ಅಂದಿಲ್ಲ.”

ಹಿಂದೆ ಗಿರಾಕಿಗಳು ಸಾಲುಗಟ್ಟಿದ್ದರು. ಭಾಯ್ ಸೋತು, ಡ್ರಾಯರಿನಿಂದ ಒಂದು ಸಿಡಿ ತೆಗೆದು ಮುಂದಿಟ್ಟ. “ಈ ಸಾಫ್ಟ್‌ವೇರ್ ಕಂಪ್ಯೂಟರಲ್ಲಿ ಹಾಕಿ ಅಮ್ಮಾ. ತಾಲಾ ಖುಲ್ ಜಾತಾ. ಬೀಗ ತೆಗೆದು ಕಾಪಿ ಮಾಡಿಕೊಡುತ್ತೆ, ಯಾವ ನಂಬರಲ್ಲಾದ್ರೂ ಓಡುತ್ತೆ.”

ಅತ್ತೆಯ ಬಳಿ ಕಂಪ್ಯೂಟರೇ ಇರಲಿಲ್ಲ. ಭಾಯ್‌ನಿಂದಲೇ ಒಂದನ್ನು ಜೋಡಿಸಿ ತರಿಸಿಕೊಂಡಳು. ಕೀಲಿ ಸಿಕ್ಕಿತೆಂದು ಬಾಗಿಲು ಕೊಂಡವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ.

ಕರಡಿಮರಿಯ ಬೀಗ ಮೊದಲ ಪ್ರಯತ್ನದಲ್ಲೇ ಒಡೆಯಿತು. ಆದರೆ ಆ ದೊಡ್ಡ ಡಿಸ್ಕಿನಲ್ಲಿದ್ದದ್ದು ನಮ್ಮ ಖಾಲಿ ಡಿಸ್ಕಿನಲ್ಲಿ ಹಿಡಿಸಬೇಕಾದರೆ ಬೇಡದ್ದನ್ನು ತೆಗೆಯಬೇಕು. ಒಂದೇ ಸಿನಿಮಾಕ್ಕೆ ಇಂಗ್ಲಿಷ್, ಚೀನಿ, ಥಾಯ್ ಎಂದು ಹಲವು ಭಾಷೆಯ ಧ್ವನಿ ಇತ್ತು. ಅತ್ತೆ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಗುಡಿಸಿ ಹಾಕಿದಳು. ಇಟ್ಟುಕೊಂಡದ್ದು ಥಾಯ್. ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಪಾಟಿ ಪೂರ್ತಿ ಸಿನಿಮಾ ನೋಡಿದರು. ಅತ್ತೆ ತಪ್ಪು ಗೊತ್ತಾಗಿ ಓಡಿಹೋದಾಗ ಅವರು ಕಣ್ಣೊರೆಸಿಕೊಳ್ಳುತ್ತಿದ್ದರಂತೆ. “ರೊಂಬ ಚೆನ್ನಾಗಿತ್ತಮ್ಮಾ. ಮೊದಲ ಸಲ ನನಗೆ ಇಂಗ್ಲಿಷ್ ಸಿನಿಮಾ ಅರ್ಥ ಆಯ್ತು.”

ಅಲ್ಲಿಂದ ಅತ್ತೆಯನ್ನು ಹಿಡಿಯುವವರಿರಲಿಲ್ಲ. ಇಂದಿರಾನಗರದ ಒಂದು ಡಿವಿಡಿ ಲೈಬ್ರರಿಗೆ ಸದಸ್ಯಳಾದಳು. ಬೆಳಿಗ್ಗೆ ಹೋಗಿ ಡಿಸ್ಕು ತರುವುದು, ಬೀಗ ಒಡೆಯುವುದು, ಸಂಜೆ ಅದನ್ನು ಒರೆಸಿ ಹಿಂದಿರುಗಿಸುವುದು. ಹಳೆಯ ಅಭ್ಯಾಸ ಬಿಡದೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅದು ‘ದಯವಿಟ್ಟು ಕಾಯಿರಿ’ ಎಂದು ತೋರಿಸಿದರೆ ಇವಳು, “ಆಯ್ತಪ್ಪಾ, ಹೋಲ್ಡ್ ಮಾಡ್ತೀನಿ,” ಎಂದು ಉತ್ತರ ಕೊಡುತ್ತಿದ್ದಳು. ಮನೆಯಲ್ಲಿ ಅವಳ ಜೊತೆ ಮಾತಾಡುತ್ತಿದ್ದದ್ದು ಅದೊಂದೇ.

ಸಿನಿಮಾ ಕಂಪನಿಯವರೂ ಸುಮ್ಮನಿರಲಿಲ್ಲ. ಹೊಸ ಹೊಸ ಬೀಗ ಹಾಕುತ್ತಿದ್ದರು. ಒಂದು ಡಿಸ್ಕಂತೂ ತನ್ನೊಳಗೆ ತೊಂಬತ್ತೊಂಬತ್ತು ಸಿನಿಮಾ ಇದೆಯೆಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತಿತ್ತು. ಇದ್ದದ್ದು ಒಂದೇ, ಉಳಿದವೆಲ್ಲ ಹಾದಿ ತಪ್ಪಿಸಲು. ಅತ್ತೆ ಒಂದೊಂದನ್ನೇ ತೆಗೆದು ನೋಡುತ್ತ, ಮಧ್ಯಾಹ್ನದ ಊಟ ಬಿಟ್ಟು ನಿಜವಾದದ್ದನ್ನು ಹಿಡಿದಳು.

“ಅಷ್ಟೊಂದರಲ್ಲಿ ಇದೇ ಅಂತ ಹೇಗೆ ಗೊತ್ತಾಯ್ತು ಅತ್ತೆ?”

“ಸುಳ್ಳು ಹೇಳೋರು ಹಲೋ ಅನ್ನೋಕೆ ಮುಂಚೆ ಒಂಚೂರು ತಡ ಮಾಡ್ತಾರೆ ಕಣೇ. ಬೋರ್ಡಲ್ಲಿ ಕೂತವಳಿಗೆ ಅದು ಗೊತ್ತಾಗಲ್ವಾ?”

ಇಷ್ಟೆಲ್ಲ ಮಾಡಿ ಅವಳು ಒಂದು ಡಿಸ್ಕನ್ನೂ ಮಾರಲಿಲ್ಲ. ಎಲ್ಲರಿಗೂ ಹಂಚುತ್ತಿದ್ದಳು. ಹೊರಮಾವಿನಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಏನಿದ್ದರೂ ಅತ್ತೆ ಕೈಚೀಲದ ತುಂಬ ಡಿವಿಡಿ ತರುತ್ತಿದ್ದಳು. ಬಿಳಿ ಕಾಗದದ ಲಕೋಟೆ, ಮೇಲೆ ಅವಳ ದುಂಡನೆಯ ಅಕ್ಷರದಲ್ಲಿ ಹೆಸರು. ಯಾರಿಗೆ ಯಾವ ಸಿನಿಮಾ ಹಿಡಿಸುತ್ತದೆ ಎಂದು ಯೋಚಿಸಿಯೇ ಕೊಡುತ್ತಿದ್ದಳು. ದೊಡ್ಡಪ್ಪನಿಗೆ ಕುದುರೆ ಮತ್ತು ಬಂದೂಕಿನದು, ನನ್ನ ಅಮ್ಮನಿಗೆ ಅಳುವುದು, ನನ್ನ ಗಂಡನಿಗೆ ವಿಮಾನ ಬೀಳುವುದು.

ನನ್ನ ಗಂಡನ ವಿಷಯ ಇಲ್ಲಿ ಹೇಳಬೇಕು. ಅವರು ವಿಮಾನಪುರದ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವರು. ವಿಮಾನದ ಒಂದೊಂದು ಮೊಳೆಯನ್ನೂ ಭೂತಗನ್ನಡಿ ಹಿಡಿದು ನೋಡಿ, ಸರಿಯಿದ್ದರೆ ಸಹಿ, ಇಲ್ಲದಿದ್ದರೆ ಕೆಂಪು ಚೀಟಿ. ಮನೆಯಲ್ಲೂ ಹಾಗೆಯೇ. ಇಡ್ಲಿ ಗಟ್ಟಿಯಾದರೆ ಬೈಯುವುದಿಲ್ಲ, ಕಾರಣ ಕೇಳುತ್ತಾರೆ. ಬೈದರೇ ಎಷ್ಟೋ ವಾಸಿ.

ಅತ್ತೆಯ ಡಿವಿಡಿಗಳಲ್ಲಿ ಒಂದು ದೋಷವಿತ್ತು. ಸಿನಿಮಾ ಚೆನ್ನಾಗಿಯೇ ಓಡುತ್ತಿತ್ತು. ಮುಗಿಯಲು ಹತ್ತಿಪ್ಪತ್ತು ನಿಮಿಷವಿದೆ ಎನ್ನುವಾಗ ನಿಂತುಬಿಡುತ್ತಿತ್ತು. ಕೊಲೆ ಮಾಡಿದವನು ಯಾರು ಎಂದು ಪತ್ತೇದಾರ ಬಾಯಿ ತೆರೆಯುತ್ತಾನೆ, ಪರದೆ ಕಪ್ಪು. ಹುಡುಗಿ ರೈಲು ಹತ್ತಿದಳೋ ಇಲ್ಲವೋ, ಕಪ್ಪು. ನಮ್ಮ ವಿಮಾನ ಬೀಳುವ ಸಿನಿಮಾದಲ್ಲಿ ಪೈಲಟ್ ಕೊನೆಯ ಗುಂಡಿಗೆ ಕೈ ಹಾಕಿದ, ಕಪ್ಪು. ನನ್ನ ಗಂಡ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಫೋನ್ ಮಾಡಿದರೆ ಅತ್ತೆ, “ಹೌದಾ? ನಿಂತ್ಹೋಯ್ತಾ? ಅಯ್ಯೋ, ಡಿಸ್ಕೇ ಸರಿಯಿಲ್ಲ ಅನ್ಸುತ್ತೆ. ನನ್ನ ಹತ್ರ ಇನ್ನೊಂದು ಕಾಪಿ ಇದೆ. ಬನ್ನಿ, ಇಲ್ಲೇ ನೋಡ್ಕೊಂಡು ಹೋಗಿ,” ಎನ್ನುತ್ತಿದ್ದಳು. ಕೆ.ಆರ್. ಪುರದ ನಮ್ಮ ಮನೆಯಿಂದ ಟಿನ್ ಫ್ಯಾಕ್ಟರಿ ಸ್ಟಾಪಿಗೆ ಬಂದು, ನೂಕುನುಗ್ಗಲಿನಲ್ಲಿ ಬಸ್ಸು ಹಿಡಿದು ಹಲಸೂರಿಗೆ ಹೋಗುತ್ತಿದ್ದೆವು. ಹೋದರೆ ಬಿಸಿ ಮುದ್ದೆ, ಹಿದುಕಿದ ಬೇಳೆ ಸಾರು. ಊಟವಾದ ಮೇಲೆ ಕಾಫಿ. ಕಾಫಿಯಾದ ಮೇಲೆ ಸಿನಿಮಾದ ಕೊನೆ. ಅದಾದ ಮೇಲೆ, “ಅಳಿಯಂದ್ರೇ, ಇನ್ನೊಂಚೂರು ಕೂತ್ಕೊಳ್ಳಿ, ಬಸ್ಸೆಲ್ಲಿ ಓಡ್ಹೋಗುತ್ತೆ?” ಆ ಮನೆಯಲ್ಲಿ ಎಷ್ಟೋ ಸಲ ಬೇರೆ ನೆಂಟರೂ ಇರುತ್ತಿದ್ದರು, ಒಬ್ಬೊಬ್ಬರೂ ಒಂದೊಂದು ಸಿನಿಮಾದ ಕೊನೆಗಾಗಿ ಕಾಯುತ್ತ. ಡಾಕ್ಟರ್ ಶಾಪಿನ ಹಾಗೆ ಸರದಿಯಲ್ಲಿ ಕೂತಿರುತ್ತಿದ್ದೆವು. ಅತ್ತೆ ಕಾಫಿ ಲೋಟ ಹಿಡಿದು ಒಳಗೂ ಹೊರಗೂ ಓಡಾಡುತ್ತ, “ಯಾರ್ದು ಕೊಲೆ? ಯಾರ್ದು ರೈಲು?” ಎಂದು ವಿಚಾರಿಸುತ್ತಿದ್ದಳು.

ತಪಾಸಣೆಯವರಿಗೆ ಇದು ಹಿಡಿಸಲಿಲ್ಲ. “ವಿಮಾನ ಹೀಗೆ ಇಳಿಯೋಕೆ ಹತ್ತು ನಿಮಿಷ ಇರುವಾಗ ನಿಂತ್ಬಿಟ್ರೆ?” ಎಂದರು. ಅತ್ತೆಗೆ ಒಳ್ಳೆಯ ಜಾತಿಯ ಖಾಲಿ ಡಿಸ್ಕು ತಂದುಕೊಟ್ಟರು. ಅದೂ ನಿಂತಿತು. ಡಿಸ್ಕು ಬರೆಯುವ ವೇಗ ಕಡಿಮೆ ಮಾಡಲು ಹೇಳಿದರು. ಅತ್ತೆ ಭಕ್ತಿಯಿಂದ ತಲೆಯಾಡಿಸಿದಳು. ಅದೂ ನಿಂತಿತು. ಕೊನೆಗೆ ಒಂದು ಭಾನುವಾರ ನಮ್ಮಲ್ಲಿದ್ದ ಅತ್ತೆಯ ಡಿಸ್ಕುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದರ ಕೊನೆಯನ್ನೂ ಮತ್ತೆ ಮತ್ತೆ ಹಾಕಿ ನೋಡಿದರು. ನಾನು ಅವರೆಕಾಯಿ ಬಿಡಿಸುತ್ತಿದ್ದೆ.

“ಕೆಟ್ಟ ಡಿಸ್ಕ್ ಸಾಯೋ ಮುಂಚೆ ಒದ್ದಾಡುತ್ತೆ,” ಎಂದರು. “ಚಿತ್ರ ಒಡೆಯುತ್ತೆ, ಚೌಕ ಚೌಕ ಆಗುತ್ತೆ, ಮಾತು ತೊದಲುತ್ತೆ. ಇದ್ಯಾವುದೂ ಒದ್ದಾಡ್ತಿಲ್ಲ. ಕತ್ತರಿ ಹಾಕಿದ ಹಾಗೆ ನಿಲ್ಲುತ್ತೆ. ಅದೂ ಸರಿಯಾಗಿ, ಮುಂದೇನು ಅನ್ನೋ ಜಾಗದಲ್ಲಿ.”

“ಹಾಗಂದ್ರೆ?”

“ಆ ಸಾಫ್ಟ್‌ವೇರಲ್ಲಿ ಶುರು ಎಲ್ಲಿ, ಕೊನೆ ಎಲ್ಲಿ ಅಂತ ನಾವೇ ಗುರುತು ಹಾಕಬಹುದು. ನಿಮ್ಮತ್ತೆ ಕೊನೇನ ಹಿಂದಕ್ಕೆ ತಂದಿದಾರೆ. ಇದು ಫೇಲ್ಯೂರ್ ಅಲ್ಲ ಕಣೇ. ಡಿಸೈನ್.”

ನಾನು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದೆ. ಲೋಕದ ಬೀಗಗಳನ್ನೆಲ್ಲ ಒಡೆಯುತ್ತಿದ್ದವಳು ನಮಗೊಂದು ಬೀಗ ಹಾಕುತ್ತಿದ್ದಳು. ಸುಮ್ಮನೆ ‘ಬನ್ನಿ’ ಎಂದರೆ ನಾವು ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದೆವು, ಹಬ್ಬಕ್ಕೊಮ್ಮೆ. ಆದರೆ ಅತ್ತೆಗೆ ‘ಬನ್ನಿ’ ಎನ್ನುವುದು ಬರುತ್ತಿರಲಿಲ್ಲ. ಜೀವಮಾನವಿಡೀ ಬೇರೆಯವರಿಗೆ ಬೇರೆಯವರನ್ನು ಕರೆದುಕೊಟ್ಟವಳು, ತನಗೆಂದು ಯಾರನ್ನೂ ಕರೆದು ಗೊತ್ತಿಲ್ಲದವಳು.

“ಏನ್ ಮಾಡೋಣ ರೀ? ಹೇಳ್ಬಿಡೋಣ್ವಾ?”

ನನ್ನ ಗಂಡ ಬಹಳ ಹೊತ್ತು ಡಿಸ್ಕನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿದರು. “ನಮ್ಮಲ್ಲಿ ಕನ್ಸೆಷನ್ ಅಂತ ಒಂದಿದೆ. ಪಾರ್ಟಲ್ಲಿ ತಪ್ಪಿದೆ ಅಂತ ಗೊತ್ತಿರುತ್ತೆ, ಆದ್ರೆ ಹಾರಾಟಕ್ಕೆ ಅಡ್ಡಿಯಿಲ್ಲ ಅಂತ ಬರೆದು ಪಾಸ್ ಮಾಡ್ತೀವಿ,” ಎಂದು ಎದ್ದು ಅಂಗಿ ಹಾಕಿಕೊಂಡರು. “ನಡಿ. ಪೈಲಟ್ ಗುಂಡಿ ಒತ್ತಿದ್ನಾ ಇಲ್ವಾ ನೋಡ್ಕೊಂಡು ಬರೋಣ.”

ಹೀಗೆ ಕೆಲವು ವರ್ಷ ನಡೆಯಿತು. ನಾವು ನಂಬಿದ ಹಾಗೆ ನಟಿಸಿದೆವು, ಅವಳು ಡಿಸ್ಕನ್ನು ಬೈದ ಹಾಗೆ ನಟಿಸಿದಳು. ಸಿನಿಮಾಗಳಿಗಿಂತ ನಮ್ಮ ಅಭಿನಯವೇ ಚೆನ್ನಾಗಿತ್ತು.

ಆಮೇಲೆ ಜನ ಒಬ್ಬೊಬ್ಬರಾಗಿ ಕಡಿಮೆಯಾದರು. ಪಾಟಿಯನ್ನು ಮಗಳು ಸಿಂಗಪುರಕ್ಕೆ ಕರೆದುಕೊಂಡು ಹೋದಳು. “ಮೂರನೇ ನಂಬರಿಗೆ ಹೋದ್ರು,” ಎಂದಳು ಅತ್ತೆ, ಅಷ್ಟೇ. ಕೆಳಗಿನ ಮನೆಗೆ ಬಂದ ಹೊಸಬರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವರು. ಇಂದಿರಾನಗರದ ಲೈಬ್ರರಿ ಮುಚ್ಚಿ ಅಲ್ಲಿ ಬಟ್ಟೆ ಅಂಗಡಿಯಾಯಿತು. ಭಾಯ್ ಡಿಸ್ಕು ಇಡುತ್ತಿದ್ದ ಜಾಗದಲ್ಲಿ ಮೊಬೈಲ್ ಕವರುಗಳನ್ನು ತೂಗುಹಾಕಿದ. “ಕ್ಯಾ ಕರ್ನಾ ಅಮ್ಮಾ, ಈಗ ಎಲ್ಲಾ ಪೆನ್‌ಡ್ರೈವಲ್ಲಿ,” ಎಂದು ಹೇಳಿ, ಉಳಿದಿದ್ದ ಖಾಲಿ ಡಿಸ್ಕಿನ ಕಟ್ಟನ್ನು ಅವಳ ಕೈಯಲ್ಲಿಟ್ಟನಂತೆ. ನೆಂಟರಲ್ಲಿ ಅರ್ಧ ಜನ ಡಿವಿಡಿ ಇಸಿದುಕೊಂಡು ಹಾಕಿಯೂ ನೋಡುತ್ತಿರಲಿಲ್ಲ. ಹಾಕದವರಿಗೆ ಅದು ಎಲ್ಲಿ ನಿಂತರೇನು?

ಹೊರಮಾವಿನಲ್ಲಿ ನನ್ನ ಅಣ್ಣನ ಮಗುವಿನ ನಾಮಕರಣದ ದಿನ ಊಟಕ್ಕೆ ಕೂತಿದ್ದೆವು. ನನ್ನ ಪಕ್ಕದಲ್ಲಿ ಅತ್ತೆ. ಅತ್ತಿಗೆ ಮಗುವನ್ನು ಎತ್ತಿಕೊಂಡು ಬಂದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು:

“ನೀವು ಕೊಟ್ಟ ಕೊಲೆ ಸಿನಿಮಾ ಕೊನೇಲಿ ನಿಂತ್ಹೋಯ್ತು. ಯಾರು ಮಾಡಿದ್ದು ಅಂತ ನೆಟ್ಟಲ್ಲಿ ಓದ್ಕೊಂಡ್ಬಿಟ್ಟೆ. ಇದಕ್ಕೋಸ್ಕರ ಹಲಸೂರಿಗೆ ಬಂದು ನಿಮಗ್ಯಾಕೆ ತೊಂದರೆ ಕೊಡೋದು?”

“ಒಳ್ಳೇದಾಯ್ತು ಬಿಡಮ್ಮಾ,” ಎಂದಳು ಅತ್ತೆ. “ಸುಮ್ನೆ ಯಾಕೆ ಬರ್ತೀರಾ.”

ಅವಳ ಎಲೆಯ ಮೇಲಿನ ಒಬ್ಬಟ್ಟು ಹಾಗೆಯೇ ಉಳಿಯಿತು. ಅವಳು ಒಬ್ಬಟ್ಟು ಬಿಟ್ಟದ್ದನ್ನು ಆವರೆಗೆ ನಾನು ಕಂಡಿರಲಿಲ್ಲ.

ಕೆಲವು ವಾರಗಳಾದ ಮೇಲೆ ನನ್ನ ಗಂಡ ಹಲಸೂರಿನ ಕಡೆ ಹೋದವರು ಒಂದು ಡಿವಿಡಿ ತಂದರು. “ಗೇಟ್ ಹತ್ರಾನೇ ಕೊಟ್ಟು ಕಳಿಸಿದ್ರು. ಕಾಫಿ ಕುಡೀತೀರಾ ಅಂತ ಕೇಳ್ಲಿಲ್ಲ,” ಎಂದರು. ಭಾನುವಾರ ಮಧ್ಯಾಹ್ನ ಹಾಕಿಕೊಂಡು ಕೂತೆವು. ಮೀನುಗಾರನೊಬ್ಬ ಸಮುದ್ರಕ್ಕೆ ಹೋಗಿ ದಾರಿ ತಪ್ಪಿದ ಕಥೆ. ಮುಗಿಯುವ ಹೊತ್ತು ಹತ್ತಿರವಾದಾಗ, ಇನ್ನೇನು ನಿಲ್ಲುತ್ತದೆಂದು ನಾನು ಎದ್ದು ಬಾಗಿಲ ಬಳಿಯ ಚಪ್ಪಲಿಯನ್ನೂ ನೋಡಿದೆ. ದಡದಲ್ಲಿ ಹೆಂಡತಿ ದೀಪ ಹಿಡಿದು ನಿಂತಿದ್ದಾಳೆ. ದೂರದಲ್ಲಿ ಏನೋ ಕಪ್ಪಗೆ ಕಾಣುತ್ತಿದೆ. ಈಗ ನಿಲ್ಲಬೇಕು.

ನಿಲ್ಲಲಿಲ್ಲ. ದೋಣಿ ಬಂತು, ಅವನು ಇಳಿದ, ಅವಳು ದೀಪ ಆರಿಸಿದಳು. ಸಂಗೀತ ಬಂತು. ಕೆಲಸ ಮಾಡಿದವರ ಹೆಸರುಗಳು ಒಂದೊಂದಾಗಿ ಮೇಲೆ ಹೋದವು. ಬಡಗಿಯ ಹೆಸರು, ಅಡುಗೆಯವರ ಹೆಸರು, ಎಲ್ಲವೂ.

“ಈ ಸಲ ಸರಿಯಾಗಿ ಬಂದಿದೆ,” ಎಂದರು ನನ್ನ ಗಂಡ ಅಭ್ಯಾಸಬಲದಿಂದ. ಹೇಳಿದ ಮೇಲೆ ಅವರ ಮುಖ ಬದಲಾಯಿತು. “ನೀನು ಈಗ್ಲೇ ಹೋಗಿ ಬಾ.”

ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬೇಗ ಸಿಗಲಿಲ್ಲ, ಆಟೋದಲ್ಲೇ ಹೋದೆ. ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಅತ್ತೆ ತೆರೆದಳು. ಹಿಂದೆ ಕಂಪ್ಯೂಟರಿನ ಮೇಲೆ ಹಳೆಯ ಸೀರೆಯ ತುಂಡೊಂದನ್ನು ಹೊದಿಸಿದ್ದಳು.

“ಏನೇ? ಫೋನೂ ಮಾಡದೆ?”

“ನೀನು ಕೊಟ್ಟ ಡಿಸ್ಕ್ ನಿಂತ್ಹೋಯ್ತು ಅತ್ತೆ.”

ಅವಳು ನನ್ನನ್ನು ನೋಡುತ್ತ ನಿಂತಳು. “ಎಲ್ಲಿ ನಿಂತಿತು?”

“ಅದೇ, ಅವಳು ದೀಪ ಹಿಡ್ಕೊಂಡು ನಿಂತಿರ್ತಾಳಲ್ಲ, ಅಲ್ಲಿ.”

“ಒಳ್ಳೇ ಜಾಗಾನೇ,” ಎಂದಳು ಅತ್ತೆ. ಒಳಗೆ ಬಿಟ್ಟುಕೊಂಡಳು. ಕಾಫಿ ಮಾಡಿ ತಂದಳು. ಟಿವಿ ಹಾಕಿ, ಡಿಸ್ಕನ್ನು ಪ್ಲೇಯರಿಗೆ ಹಾಕಿ, ರಿಮೋಟ್ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕೂತಳು. ಎಚ್ಚರಿಕೆ ಬಂತು, ಹೋಯಿತು. ಅತ್ತೆ ಓದಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಟಿವಿಯನ್ನೇ ಆರಿಸಿಬಿಟ್ಟಳು.

“ಪೂರ್ತಿ ನೋಡಿದೀಯ ಅಲ್ವಾ?”

ನಾನು ಕಾಫಿ ಲೋಟ ಕೆಳಗಿಟ್ಟೆ.

“ನೋಡಿದ್ರೂ ಬಂದೆ.” ಅವಳು ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಅದರ ಗುಂಡಿಗಳ ಮೇಲೆ ಹೆಬ್ಬೆರಳು ಆಡಿಸಿದಳು. “ಹಾಗಾದ್ರೆ ಸಿನಿಮಾ ಯಾಕೆ? ಸುಮ್ನೆ ಕೂತ್ಕೋ. ಏನಾದ್ರೂ ಮಾತಾಡು.”

ಮಾತಾಡು ಎಂದರೆ ಏನು ಮಾತಾಡುವುದು? ಅಷ್ಟು ವರ್ಷ ಕೊಲೆಗಾರರು, ರೈಲುಗಳು, ಪೈಲಟ್ಟುಗಳು ನಮ್ಮ ಪರವಾಗಿ ಮಾತಾಡಿದ್ದರು. ಇಬ್ಬರೂ ಗೋಡೆ ನೋಡುತ್ತ ಕೂತೆವು. ಕೊನೆಗೆ ಅತ್ತೆಯೇ ಗಂಟಲು ಸರಿಮಾಡಿಕೊಂಡಳು.

“ಅಳಿಯಂದ್ರು ಬೆಳಿಗ್ಗೆ ಏನ್ ತಿಂದ್ರು?”

“ಉಪ್ಪಿಟ್ಟು.”

“ಬಟಾಣಿ ಹಾಕಿದ್ಯಾ?”

“ಇಲ್ಲ ಅತ್ತೆ, ಬರೀ ಈರುಳ್ಳಿ.”

“ಬಟಾಣಿ ಹಾಕ್ಬೇಕು ಕಣೇ,” ಎಂದು ಅತ್ತೆ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿಕೊಂಡು ನನ್ನ ಕಡೆಗೆ ತಿರುಗಿ ಕೂತಳು. ಬೀದಿದೀಪ ಹತ್ತುವವರೆಗೆ ನಾವು ಉಪ್ಪಿಟ್ಟಿನ ಬಗ್ಗೆಯೇ ಮಾತಾಡಿದೆವು.